ಮುಂದಿನ ಸಾಲಿನ ಅಂಕಲ್

ಬೆತ್ತದ ಕತ್ತಿ ಪಕ್ಕೆಗೆ ಬಿದ್ದ ರಭಸಕ್ಕೆ ಚಿದಾನಂದರಿಗೆ ಬಂಡಿಯ ಮೂಕಿಯೇ ಬಂದು ಬಡಿದಂತಾಯಿತು. ಗುರಾಣಿ ಕೈಜಾರಿತು. ಡ್ಯಾಲಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್ ಊರಿನ ಪಾರ್ಕಿನ ಒಣಹುಲ್ಲಿನ ಮೇಲೆ ಮಂಡಿಯೂರಿ, ಕಬ್ಬಿಣದ ಹೆಲ್ಮೆಟ್ ಕಿತ್ತು ತೆಗೆದು, ಹೊಡೆದವರು ಯಾರೆಂದು ನೋಡಿದರು. ಎದುರಿಗೆ ನಿಂತವಳು ವಿದ್ಯಾವತಿ. ಹಳೇ ಕಾಲದ ಯೋಧರಂತೆ ಕವಚ ತೊಟ್ಟು ಆಡುವ ಶನಿವಾರದ ಯುದ್ಧದಾಟಕ್ಕೆ ಇವರ ಪಡೆಯನ್ನು ತಿದ್ದಲೆಂದು ಆಸ್ಟಿನ್ ಹತ್ತಿರದ ಸೀಡರ್ ಪಾರ್ಕ್ ಊರಿನಿಂದ ಅಂದೇ ಮೊದಲ ಸಲ ಡ್ರೈವ್ ಮಾಡಿಕೊಂಡು ಬಂದವಳು.

“ಹಿಂಗ ಹೊಡೀತಾರೇನ್ ತಂಗಿ?” ಚಿದಾನಂದರು ರೇಗಿದರು. “ಆಟ ಇದು. ಹಗೀ ತೀರಿಸ್ಕೊಳ್ಳಾಕ ಬಂದೀಯೇನು?”

ಅವಳು ಕೈಕೊಟ್ಟು ಎಬ್ಬಿಸಿದಳು. ನೋವಾಗಿದ್ದರೆ ಕ್ಷಮಿಸಿ ಎಂದಳು. ಆದರೆ ಇದು ಮಾಮೂಲಿ ಏಟು, ಎಲ್ಲ ಪಡೆಗಳಲ್ಲೂ ಇಷ್ಟು ಬಲವಾಗಿಯೇ ಹೊಡೆಯುತ್ತಾರೆ ಎಂದು ಬಿಡಿಸಿ ಹೇಳಿದಳು. ಆಮೇಲೆ, ನಿಜಕ್ಕೂ ಅರ್ಥವಾಗದೆ, ಕೇಳಿದಳು: “ಇಷ್ಟು ದಿನ ನಿಮಗೆ ಇಂಥ ಏಟು ಬಿದ್ದೇ ಇಲ್ವಾ ಸರ್?”

ಬಿದ್ದಿರಲಿಲ್ಲ. ಈ ಆಟದಲ್ಲಿ ತೀರ್ಪು ಹೇಳಲು ಬೇರೆಯವರಿಲ್ಲ. ಏಟು ತಿಂದವನೇ ಸತ್ತೆನೆಂದು ಒಪ್ಪಿಕೊಂಡು ಬೀಳಬೇಕು. ಮೈ ಸವರಿ ಹೋದ ಏಟು ಲೆಕ್ಕಕ್ಕಿಲ್ಲ. ವರ್ಷದಿಂದ ಪ್ರತಿ ಭಾನುವಾರ ಚಿದಾನಂದರಿಗೆ ಬಿದ್ದದ್ದೆಲ್ಲ ಸವರಿ ಹೋದವೇ. ತಾಕದ್ದನ್ನು ತಾಕಿತೆಂದು ಹೇಳುವ ಮನುಷ್ಯರಲ್ಲ ಅವರು, ಹಾಗಾಗಿ ಒಮ್ಮೆಯೂ ಸತ್ತಿರಲಿಲ್ಲ. ಅರವತ್ತು ಹತ್ತಿರ ಬಂದರೂ ತಮ್ಮನ್ನು ಮುಟ್ಟುವ ಹುಡುಗ ಡ್ಯಾಲಸ್ಸಿನಲ್ಲೇ ಇಲ್ಲವೆಂದು ಸೌತ್‌ಲೇಕಿನ ಕನ್ನಡಿಗರ ಹಬ್ಬದೂಟಗಳಲ್ಲಿ ಹೇಳಿಕೊಂಡದ್ದುಂಟು. ಬೇಗ ಬೇಗ ಸಾಯುವ ಹುಡುಗರನ್ನು ನಿಲ್ಲಿಸಿಕೊಂಡು ಕಾಲೂರುವುದು ಹೇಗೆಂದು ಪಾಠ ಹೇಳಿದ್ದೂ ಉಂಟು. ಮುಂದಿನ ಸಾಲಿನ ಬಲತುದಿ ಅವರ ಜಾಗ. ಆ ತುದಿ ಕುಸಿದರೆ ಸಾಲಿಗೆ ಸಾಲೇ ಬಿಚ್ಚಿಕೊಳ್ಳುತ್ತದೆ. ಶನಿವಾರ ಆಸ್ಟಿನ್ ಆಚೆಯ ಬಯಲಲ್ಲಿ, ಹ್ಯೂಸ್ಟನ್ನಿನ ಪಡೆಯೆದುರು, ಅಲ್ಲೇ ನಿಲ್ಲುವ ಹುರುಪಿನಲ್ಲಿದ್ದರು.

ಆ ತುದಿಗೆ ಬೇರೆ ಯಾರನ್ನಾದರೂ ನೋಡಬೇಕಾದೀತು ಎಂದು ವಿದ್ಯಾವತಿ ಮೆಲ್ಲಗೆ ಹೇಳಿದಳು.

ಚಿದಾನಂದರು ಸಾಲಿನತ್ತ ತಿರುಗಿದರು. ಹುಡುಗರೆಲ್ಲ ಗುರಾಣಿಯ ಪಟ್ಟಿ ಬಿಗಿಸುವವರಂತೆ ತಲೆ ತಗ್ಗಿಸಿದರು. ಪಡೆ ಕಟ್ಟಿದ ಅವಿನಾಶನಿಗೆ ಬಿಗಿಸಲು ಏನೂ ಉಳಿದಿರಲಿಲ್ಲ, ಚಿದಾನಂದರ ಕಣ್ಣಿಗೆ ಅವನೇ ಸಿಕ್ಕ.

“ಯಾಕೋ, ಬೇಕಂತ ಮೆಲ್ಲಕ ಹೊಡೀತಿದ್ರೇನು ನೀವೆಲ್ಲ?”

“ಹಾಗಲ್ಲ ಅಂಕಲ್. ನೀವು ದೊಡ್ಡವರು. ನಿಮ್ಮ ಮೇಲೆ ಕೈ ಎತ್ತೋಕೆ ಮನಸ್ಸು ಬರಲ್ಲ.”

ಹೆಣ್ಣುಮಗಳ ಮೇಲಿದ್ದ ಸಿಟ್ಟು ಪೂರ್ತಿ ಇತ್ತ ಹೊರಳಿತು. ವರ್ಷವಿಡೀ ನೊಗಕ್ಕೆ ಹೆಗಲು ಕೊಟ್ಟೆನೆಂದು ನಂಬಿದ ಮುದಿ ಎತ್ತಿಗೆ, ಬಂಡಿಯನ್ನೆಲ್ಲ ಎಳೆದದ್ದು ಜೋಡಿಯ ಎತ್ತೇ ಎಂದು ಗೊತ್ತಾದರೆ ಹೇಗಾದೀತು, ಹಾಗಾಯಿತು ಅವರಿಗೆ. ಗೆದ್ದದ್ದು ಒಂದೂ ತಮ್ಮದಲ್ಲ. ಎಲ್ಲ ಈ ಹುಡುಗರು ಹಾಕಿದ ಭಿಕ್ಷೆ.

“ದೊಡ್ಡವರಂತ. ಶನಿವಾರ ಹ್ಯೂಸ್ಟನ್ನಿನವ್ರೂ ನನ್ನ ಅಂಕಲ್ ಅಂತಾರೇನು? ನಾ ಬಿದ್ದರ ನನ್ನ ಬಾಜೂ ನಿಂತವರ ಗತಿ ಏನಂತ ವಿಚಾರ ಮಾಡೀರೇನು?”

ಚಿದಾನಂದರು ಮತ್ತೆ ಹೆಲ್ಮೆಟ್ ಹಾಕಿಕೊಂಡು ಗುರಾಣಿ ಎತ್ತಿಕೊಂಡರು. ಹುಡುಗರು ಒಬ್ಬೊಬ್ಬರಾಗಿ ಬಂದು ವಿದ್ಯಾವತಿ ಹೊಡೆದಷ್ಟೇ ಜೋರಾಗಿ ಹೊಡೆಯಬೇಕೆಂದೂ, ತಡೆಯಲಾಗದಿದ್ದರೆ ತಾವಾಗಿಯೇ ಹಿಂದಿನ ಸಾಲಿಗೆ ಹೋಗುವುದಾಗಿಯೂ ಹೇಳಿದರು. ಮೊದಲು ಅವಿನಾಶನೇ ಬರಲಿ ಎಂದರು.

ಅವಿನಾಶ್ ಹೆಲ್ಮೆಟ್ ಹಾಕಿಕೊಂಡು ಎದುರಿಗೆ ಬಂದ. ಕತ್ತಿ ಎತ್ತಿದ, ಇಳಿಸಿದ. ಮತ್ತೆ ಎತ್ತಿದ. ಕೊನೆಗೆ ಬಗ್ಗಿ ಚಿದಾನಂದರ ಬೂಟು ಮುಟ್ಟಿ ಬೆರಳನ್ನು ಕಣ್ಣಿಗೊತ್ತಿಕೊಳ್ಳಲು ಹೋದ. ಬೆರಳು ಅವನದೇ ಹೆಲ್ಮೆಟ್ಟಿನ ಮುಖದ ಸರಳಿಗೆ ತಾಗಿತು.

ಅದೇ ಹೆಲ್ಮೆಟ್ಟಿನ ಮೇಲೆ ಠಣ್ಣೆಂದು ಚಿದಾನಂದರ ಕತ್ತಿ ಇಳಿಯಿತು.

“ನೀ ಸತ್ತಿ,” ಎಂದರು. “ಮುಂದಿನಾಂವ ಬಾ.”