ಗುರುಗಳಿಗೆ ತಂದ ಶಾಲು

"ಲಗೂ ನಮಸ್ಕಾರ ಮಾಡವಾ, ಸರ್ ಇನ್ನೂ ಸಹಿ ಹಾಕಬೇಕು," ಎಂದು ಶಿವಬಸವ್ವ ಮಗಳನ್ನು ಮುಂದಕ್ಕೆ ತಳ್ಳಿದಳು. ಅಮೆರಿಕದ ಕಾದಂಬರಿಗಳಲ್ಲಿ ಗಂಡಸಿನ ಅಧಿಕಾರ ಹೆಣ್ಣಿನ ಮೈಯನ್ನು ಹೇಗೆ ಆಳುತ್ತದೆಂದು ಶಾಂಭವಿ ಐದು ವರ್ಷ ಕೂತು ಬರೆದ ಪಿಎಚ್.ಡಿ. ಪ್ರಬಂಧಕ್ಕೆ ಈಗಷ್ಟೇ ಮೌಖಿಕ ಪರೀಕ್ಷೆ ಮುಗಿದಿತ್ತು. ಮಾರ್ಗದರ್ಶಕರಾದ ಏಕನಾಥ ಸರ್ ಅವರಿಗೆ ಹೊದಿಸಲು ಶಿವಬಸವ್ವನೇ ದುರ್ಗದಬೈಲಿನ ಪೇಟೆಯಲ್ಲಿ ಶಾಲು ಆರಿಸಿ ತಂದಿದ್ದಳು.

ಶಾಂಭವಿ ಬಾಗಿದಳು. ಏಕನಾಥ ಸರ್ ಅವರ ಕೈ ಆಶೀರ್ವಾದಕ್ಕೆಂದು ತಲೆಯ ಮೇಲೆ ಬಂದು, ಕುತ್ತಿಗೆಗೆ ಇಳಿದು, ಕುಪ್ಪಸದ ಅಂಚಿನಲ್ಲಿ ನಿಂತಿತು. "ಭಾಳ ಹಟಮಾರಿರಿ ನಿಮ್ಮ ಮಗಳು. ನಾ ಪಳಗಿಸೇನಿ," ಎಂದು ನಕ್ಕರು. ಪರೀಕ್ಷಕರೂ ನಕ್ಕರು. ಶಾಂಭವಿ ಕೊರಳಿನ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕಣ್ಣು ಮುಚ್ಚಿದಳು.

ಹೋದ ವರ್ಷ, "ಅವರ ಕೈ ಸರಿ ಇಲ್ಲವ್ವಾ," ಎಂದು ಅತ್ತವಳಿಗೆ, "ಗುರುವಿಗೆ ಹಂಗ ಅಂದ್ರ ಶಿವ ಮೆಚ್ಚೂದಿಲ್ಲ," ಎಂದು ಬಾಯಿ ಮುಚ್ಚಿಸಿದ್ದವಳು ಶಿವಬಸವ್ವನೇ.

"ಶಾಲು ಹೊದಿಸ್ರಿ ಅಮ್ಮಾರ, ಫೋಟೋ ತೆಗೀತೇವಿ," ಎಂದರು ಯಾರೋ. ಸಹಿಯಿಲ್ಲದ ಕಾಗದ ಮೇಜಿನ ಮೇಲೆಯೇ ಇತ್ತು. ಶಿವಬಸವ್ವ ಅದನ್ನೊಮ್ಮೆ ನೋಡಿದಳು. ಶಾಲು ಬಿಚ್ಚಿ, ಸರ್ ಅವರ ಕೈಯನ್ನು ಸರಿಸಿ, ಬಾಗಿದ್ದ ಮಗಳ ಬೆನ್ನಿನ ಮೇಲೆ ಹೊದಿಸಿದಳು.

"ಏಳವಾ. ನಂದು ತಪ್ಪಾತು."