ಕಂಬಳಿಯ ಮೇಲೆ ಕೂತ ಕಂಪ್ಯೂಟರ್

ಮಕ್ತಲ್‌ನಿಂದ ಪವರ್ ಸಪ್ಲೈ ಡಬ್ಬಿಯನ್ನು ಎದೆಗವಚಿಕೊಂಡು ಬಂದ ರಜಿತಾ ಹೊಸ್ತಿಲಲ್ಲೇ ಕಿರುಚಿಕೊಂಡಳು. ಪಡಸಾಲೆಯ ನಡುವೆ ಕರಿ ಕಂಬಳಿ ಹಾಸಿತ್ತು. ಅದರ ಮೇಲೆ ಅವಳ ಕಂಪ್ಯೂಟರಿನ ಮದರ್‌ಬೋರ್ಡು, ಗ್ರಾಫಿಕ್ಸ್ ಕಾರ್ಡು, ಬೆರಳುದ್ದದ ರ‍್ಯಾಮ್ ಪಟ್ಟಿ ಎಲ್ಲವೂ ತಮ್ಮ ಬೆಳ್ಳಿ ಬಣ್ಣದ ಕವರು ಕಳಚಿ ಸಾಲಾಗಿ ಕೂತಿದ್ದವು. ಮೈತುಂಬ ಭಂಡಾರದ ಅರಿಶಿನಪುಡಿ ಬೇರೆ. ಅಜ್ಜಿ ಪೆಂಟಮ್ಮ ಭಕ್ತಿಯಿಂದ ಊದಿನಕಡ್ಡಿ ಬೆಳಗುತ್ತಿದ್ದಳು.

"ಆಯೀ! ಕವರ್ ಯಾಕ ತೆಗದಿ?"

"ಮುಸುಕು ಹಾಕಿ ಕುಂದ್ರಿಸಿ ಯಾರರ ಪೂಜಿ ಮಾಡತಾರೇನವ್ವಾ?" ಎಂದಳು ಪೆಂಟಮ್ಮ.

ಆ ಕುರಿಗಾಹಿ ಮನೆಯ ರಿವಾಜೇ ಹಾಗೆ. ಹೊಸ ಸೊಸೆ ಬರಲಿ, ಹೊಸ ಮೋಟರ್ ಪಂಪು ಬರಲಿ, ಮೊದಲು ಕುಲದೇವರು ಬೀರಪ್ಪನ ಕಂಬಳಿಯ ಮೇಲೆ ಕೂತು, ಭಂಡಾರ ಹಚ್ಚಿಸಿಕೊಂಡೇ ಮನೆಯವರಾಗಬೇಕು. ಆದರೆ ರಜಿತಾ ಹದಿನೈದು ದಿನದಿಂದ ಫೋನಿನಲ್ಲಿ ನೋಡಿದ ತೆಲುಗು ವಿಡಿಯೊಗಳೆಲ್ಲ ಒಂದೇ ಮಾತು ಹೇಳಿದ್ದವು: ಉಣ್ಣೆಯನ್ನು ಮಾತ್ರ ಹತ್ತಿರ ಸೇರಿಸಬೇಡಿ.

"ಚಳಿಗಾಲದಾಗ ಕತ್ತಲ್ಯಾಗ ಕಂಬಳಿ ಜಗ್ಗಿದರ ಚಟಚಟ ಅಂತ ಕಿಡಿ ಹಾರತೈತಲ್ಲ, ಆ ಕಿಡಿ ಬಡದರ ಇದು ಸತ್ತು ಹೋಗತೈತಿ, ಆಯಿ!"

"ಅದು ಬೀರಪ್ಪನ ಕಿಡಿ. ಯಾರನ್ನೂ ಕೊಲ್ಲಂಗಿಲ್ಲ. ನಿಮ್ಮಪ್ಪ ಈ ಕಂಬಳಿ ಹೊದ್ದೇ ಇಷ್ಟುದ್ದ ಬೆಳದಾನ."

ಅಲ್ಲೇ ಕೂತು ಚಹಾ ಕುಡಿಯುತ್ತಿದ್ದ ಅಪ್ಪ ಆಶಪ್ಪ ಫಕ್ಕನೆ ನಕ್ಕ. ರಜಿತಾಗೆ ನಗು ಬರಲಿಲ್ಲ. ತೆಲಂಗಾಣದ ನಾರಾಯಣಪೇಟೆ ಹೊಸ ಜಿಲ್ಲೆಯಾದ ವರ್ಷ ಹುಟ್ಟಿದ, ಅವಳ ಹೆಸರಿಗೇ ಬಿಟ್ಟಿದ್ದ ಟಗರನ್ನು ಮಾರಿ ತಂದ ಸಾಮಾನು ಇದು. ಗ್ರಾಫಿಕ್ಸ್ ಕಾರ್ಡು ಗದ್ವಾಲದಲ್ಲಿ ಯಾರೋ ಬಳಸಿ ಬಿಟ್ಟದ್ದು, ಗ್ಯಾರಂಟಿ ಇಲ್ಲ. ಪರದೆ ನಾರಾಯಣಪೇಟೆಯ ಜೆರಾಕ್ಸ್ ಅಂಗಡಿ ಮೂಲೆಗೆಸೆದದ್ದು. ಹೊರಗಿನ ಪೆಟ್ಟಿಗೆಗೆ ಹಣ ಸಾಲದೆ ಎಲ್ಲವನ್ನೂ ರಟ್ಟಿನ ಡಬ್ಬಿಯ ಮೇಲೇ ಜೋಡಿಸುವುದೆಂದು ತೀರ್ಮಾನಿಸಿದ್ದಳು. ಕಾಲೇಜಿನ ಗೆಳತಿಯರ ಜೊತೆ ಆನ್‌ಲೈನ್ ಗೇಮ್ ಆಡುವಾಗ ಗೆಲ್ಲುವ ಗಳಿಗೆಗೆ ಸರಿಯಾಗಿ ಅವಳ ಫೋನು ಕೈಕೊಡುತ್ತಿತ್ತು. ಅವರಿಂದ ಅಣಕಿಸಿಕೊಂಡು ಸಾಕಾಗಿತ್ತು. ಇದೂ ಕೆಟ್ಟರೆ ಆಟವೂ ಇಲ್ಲ, ಟಗರೂ ಇಲ್ಲ.

ಬಣ್ಣದ ಕುಂಚದಿಂದ ಭಂಡಾರ ಜಾಡಿಸಿದಳು. ಕಿಟಕಿಯ ಕಬ್ಬಿಣದ ಸರಳನ್ನು ಮತ್ತೆ ಮತ್ತೆ ಮುಟ್ಟಿ, ಉಸಿರು ಬಿಗಿಹಿಡಿದು, ಹಸುಗೂಸಿನ ಉಗುರು ಕತ್ತರಿಸುವವಳ ಹಾಗೆ ಒಂದೊಂದನ್ನೇ ರಟ್ಟಿನ ಮೇಲೆ ಜೋಡಿಸಿದಳು. ಪೆಟ್ಟಿಗೆ ಇಲ್ಲವೆಂದ ಮೇಲೆ ಸ್ವಿಚ್ಚೂ ಇಲ್ಲ. ಅದರ ಬದಲು ಬೋರ್ಡಿನ ಎರಡು ಪಿನ್ ಮುಳ್ಳುಗಳಿಗೆ ಸ್ಕ್ರೂಡ್ರೈವರ್ ತಾಗಿಸಿದಳು. ಫ್ಯಾನು ಗಿರ್ರನೆ ತಿರುಗಿತು. ಪರದೆ ಮಾತ್ರ ಕಂಬಳಿಯಷ್ಟೇ ಕಪ್ಪಗೆ ಉಳಿಯಿತು.

ಇನ್ನೊಮ್ಮೆ. ಮತ್ತೊಮ್ಮೆ. ಊಹೂಂ.

"ನಾಕು ಕಾಲಿಂದು ಕೊಟ್ಟು ಕಾಲಿಲ್ಲದ್ದು ತಂದಿ," ಎಂದ ಆಶಪ್ಪ.

ರಜಿತಾ ಅಜ್ಜಿಯ ಕಡೆ ತಿರುಗಿದಳು. "ನಿನ್ನ ಕಂಬಳಿ ನನ್ನ ಟಗರು ತಿಂದ್ಬಿಡ್ತು, ಆಯಿ!"

ಪೆಂಟಮ್ಮ ಕಂಬಳಿ ಮಡಚಿ, ಕಣ್ಣಿಗೊತ್ತಿಕೊಂಡು, ಒಳಗಿನ ಗೂಟಕ್ಕೆ ಹಾಕಿ ಬಂದಳು. ಅದನ್ನು ನೋಡಿ ರಜಿತಾಗೆ ತಾನು ಆಡಿದ್ದು ತಪ್ಪೆನಿಸಿತು. ಮಾತು ಆಡಿದರೆ ಹೋಯಿತು, ಇನ್ನು ವಾಪಸು ನುಂಗುವುದು ಹೇಗೆ?

ನೆಲಕ್ಕೆ ಚೆಲ್ಲಿದ ಭಂಡಾರವನ್ನು ಯಾರಾದರೂ ತುಳಿದಾರು ಎಂದು ಬಳಿಯಲು ಬಗ್ಗಿದ ಪೆಂಟಮ್ಮ ಹಾಗೇ ನಿಂತಳು. ನಲವತ್ತು ಕುರಿಗಳನ್ನು ಒಂದೇ ನೋಟದಲ್ಲಿ ಎಣಿಸುವ ಕಣ್ಣು ಬೋರ್ಡಿನ ಮೇಲೆ ನೆಟ್ಟಿತ್ತು.

"ರಜಿತವ್ವಾ, ಈ ಹಸರ ಪಟ್ಟಿಗೆ ಈ ಕಡಿ ಅಗಳಿ ಹಾಕೀದಿ, ಆ ಕಡೀದು ತೆರದೇ ಐತಲ್ಲ. ಹಟ್ಟಿ ಬಾಗಲಾ ಹಿಂಗ ಬಿಟ್ಟರ ತೋಳ ಬರತೈತಿ."

ರಜಿತಾ ಬಗ್ಗಿ ನೋಡಿದಳು. ರ‍್ಯಾಮ್ ಪಟ್ಟಿಯ ಒಂದು ತುದಿಯ ಕೊಂಡಿ ನೆಟ್ಟಗೆ ನಿಂತಿತ್ತು, ಇನ್ನೊಂದು ಬಾಯಿ ಬಿಟ್ಟುಕೊಂಡಿತ್ತು. ಮುರಿದೀತೆಂಬ ಹೆದರಿಕೆಯಲ್ಲಿ ಅವಳು ಒತ್ತಿಯೇ ಇರಲಿಲ್ಲ!

ತಕ್ಷಣ ಕರೆಂಟಿನ ವೈರು ಕಿತ್ತಳು. "ಆಯಿ, ಆ ಸರಳು ಮುಟ್ಟಿ ಬಾ. ನೀನೇ ಒತ್ತು."

"ನಾನೇನು? ಸತ್ತುಗಿತ್ತು ಹೋದೀತವ್ವಾ."

"ಸಾಯಂಗಿಲ್ಲ. ಒತ್ತು."

ಜಗ್ಗುವ ಟಗರನ್ನು ಉಡದಂತೆ ಕೊಂಬು ಹಿಡಿದು ನಿಲ್ಲಿಸಿದ ಹೆಬ್ಬೆರಳದು. ಅಳುಕದೆ ಒಮ್ಮೆ ಒತ್ತಿತು. ಟಕ್!

ವೈರು ಮತ್ತೆ ಸೇರಿತು, ಸ್ಕ್ರೂಡ್ರೈವರ್ ತಾಗಿತು, ಫ್ಯಾನು ತಿರುಗಿತು, ಪರದೆಯ ಮೇಲೆ ಬೆಳ್ಳಗೆ ಅಕ್ಷರಗಳು ಮೂಡಿದವು. ರಜಿತಾ ಕುಣಿದಳು. ಆಶಪ್ಪನೂ ಚಹಾದ ಲೋಟ ಹಿಡಿದುಕೊಂಡೇ ಎದ್ದುಬಂದ.

"ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ," ಎಂದ. "ಕಂಬಳಿ ಮ್ಯಾಲ ಹಾಕಿದ್ಯಲ್ಲ ತಪ್ಪು?"

ರಜಿತಾ ಒಳಗೆ ಓಡಿ, ಗೂಟದ ಮೇಲಿನ ಕಂಬಳಿ ತಂದು ಪಡಸಾಲೆಯಲ್ಲಿ ಹಾಸಿದಳು. ಅಜ್ಜಿಯ ಕೈ ಹಿಡಿದು ಜಗ್ಗಿದಳು.

"ಏನಿದು, ಹುಚ್ಚಿ?"

"ಕುಂದ್ರು ಆಯಿ. ಮನಿಗೆ ಹೊಸಾ ಮೆಕ್ಯಾನಿಕ್ ಬಂದಾಳ. ಮೊದಲ ಕಂಬಳಿ ಮ್ಯಾಲ ಕುಂದ್ರಬೇಕಲ್ಲ?" ಎನ್ನುತ್ತಾ ರಜಿತಾ ಅವಳ ಹಣೆಗೆ ಭಂಡಾರ ಹಚ್ಚಿದಳು.

ಪೆಂಟಮ್ಮನ ಬೊಚ್ಚುಬಾಯಿ ಅಗಲವಾಯಿತು. ಕೂರಲು ಹೋದವಳು ತಡೆದು, ಮಿನುಗುತ್ತಿದ್ದ ಯಂತ್ರದ ಕಡೆ ಓರೆಗಣ್ಣಿನಿಂದ ನೋಡಿ ಹೇಳಿದಳು:

"ಇನ್ನೊಂದೀಟು ದೂರ ಹಾಸವ್ವಾ. ನಿನ್ನ ದೇವರಿಗೆ ಮಡಿ ಬಾಳ."