ಕುಲದ ಕಾವಲು

ಊಟ ಮುಗಿಯುತ್ತಲೇ ಧಾರವಾಡದ ಮಾಳಿಗೆಗಳ ಮೇಲೆಲ್ಲ ಜನ ಬಲೆ ಹಿಡಿದು ನಿಲ್ಲುತ್ತಿದ್ದರು. ಅದು ನಾಡಜೇನಿನ ರಾಣಿ ಗಂಡು ಹುಡುಕಿ ಹಾರುವ ಹೊತ್ತು. ಹೊರಗಿಂದ ಬಂದ ಸೀಮೆಜೇನಿನ ಗಂಡು ಅವಳನ್ನು ಕೂಡಿತೋ, ಮೊಟ್ಟೆಯೆಲ್ಲ ಜೊಳ್ಳು. ಮರುವರ್ಷ ಜೇನಿಲ್ಲದೆ ಮಾವಿನ ಹೂವಿಗೆ ದಿಕ್ಕಿರುವುದಿಲ್ಲ.

ಚನ್ನವೀರಪ್ಪ ಅಂಥದೊಂದು ಗಂಡನ್ನು ಹಿಡಿದು ಮೀಸೆ ತಿರುವಿದರು. ಅದೇ ಸಮಯವೆಂದು ಮಗಳು ನೀಲಮ್ಮ, ಎದುರು ಮಾಳಿಗೆಯಲ್ಲಿ ಇದೇ ರಾಣಿಗೆ ಕಾವಲು ನಿಂತಿದ್ದ ಬೇರೆ ಜಾತಿಯ ಯಲ್ಲಪ್ಪನನ್ನು ಮದುವೆಯಾಗುವೆನೆಂದಳು.

"ಈ ಹುಳಾ ನೋಡಿಯರ ಕಲಿ! ಜಾತಿ ಬಿಟ್ಟು ಕೂಡಿದ್ರ ವಂಶ ಉಳಿಯೂದಿಲ್ಲ," ಎಂದು ಅವರು ಗುಡುಗಿದರು.

ನೀಲಮ್ಮ ಬಲೆಯೊಳಗಿನ ಹುಳುವನ್ನು ನೋಡಿದಳು, ಆಮೇಲೆ ಎದುರು ಮಾಳಿಗೆಯ ಯಲ್ಲಪ್ಪನನ್ನು.

"ಖರೇ ಅಪ್ಪಾ. ಪಾಪ, ತನ್ನ ಜಾತಿಯವರು ಯಾರಂತ ಇದಕ್ಕೂ ತಿಳೀಲಿಲ್ಲ, ನಿಮಗೂ ತಿಳೀಲಿಲ್ಲ."